ಜಾರಲೂ ಬೇಕು, ಹಿಡಿಯಲೂ ಬೇಕು

ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ, ಚಿಕ್ಕಮಗಳೂರಿನಲ್ಲಿ. ಕಾರಿನ ಗಾಜಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಹತ್ತು ವರ್ಷ ಓಡಿದ ನನ್ನ ಚಿಕ್ಕ ಕಾರನ್ನು ಸ್ಟಾರ್ಟ್ ಮಾಡಿ, ಮೊದಲ ಗೇರಿನಲ್ಲಿ ಗೇಟು ದಾಟಿಸಿ, ಎರಡನೇ ಗೇರಿಗೆ ಲಿವರ್ ಎಳೆದೆ. ಗೇರ್ ಬೀಳಲಿಲ್ಲ. ಒಳಗೆ ಯಾರೋ ಕೈ ಅಡ್ಡ ಇಟ್ಟು ತಡೆದ ಹಾಗಿತ್ತು. ಒಂದು ಕ್ಷಣ ಬಿಟ್ಟು ಮತ್ತೆ ಎಳೆದಾಗ ಕರ್ರ್ ಎಂದು ಸದ್ದು ಮಾಡಿ ಕೂತಿತು. ನಾಲ್ಕೈದು ಕಿಲೋಮೀಟರ್ ಹೋದ ಮೇಲೆ ನೋಡಿದರೆ, ಅದೇ ಗೇರ್ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು.

ಒಂದು ಗ್ಯಾರೇಜಿನಲ್ಲಿ ಗೇರ್ ಬಾಕ್ಸ್ ಇಳಿಸಿ ಬಿಚ್ಚಲೇಬೇಕು ಎಂದರು. ದೊಡ್ಡ ಖರ್ಚು. ಇನ್ನೊಬ್ಬ ಹಿರಿಯ ಮೇಸ್ತ್ರಿ ಮಾತ್ರ ಗಾಡಿ ನೋಡುವ ಮೊದಲೇ ಒಂದು ಪ್ರಶ್ನೆ ಕೇಳಿದರು: "ಹೋದ ಸಲ ಗೇರ್ ಆಯಿಲ್ ಯಾವುದು ಹಾಕ್ಸಿದ್ರಿ ಸಾರ್?" ಹಳೆಯ ಬಿಲ್ ಹುಡುಕಿ ತೋರಿಸಿದೆ. 85ಡಬ್ಲ್ಯೂ-140, ಜಿಎಲ್-5 ಎಂದಿತ್ತು. "ಇದು ಲಾರಿ ಡಿಫರೆನ್ಷಿಯಲ್‌ಗೆ ಹಾಕೋ ಆಯಿಲ್ ಅಲ್ವಾ?" ಎಂದರು ಅವರು. ಡಿಫರೆನ್ಷಿಯಲ್ ಎಂದರೆ ಎಂಜಿನ್ ಶಕ್ತಿಯನ್ನು ಎಡ ಬಲದ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ. ಆ ಪ್ರಶ್ನೆಯ ಹಿಂದೆ ಎಷ್ಟೊಂದು ವಿಜ್ಞಾನ ಇದೆ ಎಂದು ನನಗೆ ತಿಳಿದದ್ದು ಆಮೇಲೆ.

ಗೇರ್ ಹಾಕುವುದು ಎಂದರೆ ಎರಡು ಹಲ್ಲಿನ ಚಕ್ರಗಳನ್ನು ತಂದು ಒಂದಕ್ಕೊಂದು ಸೇರಿಸುವುದು ಎಂದು ನಮ್ಮಲ್ಲಿ ಹೆಚ್ಚಿನವರು ಅಂದುಕೊಂಡಿರುತ್ತೇವೆ. ಇವತ್ತಿನ ಕಾರುಗಳಲ್ಲಿ ಹಾಗಿಲ್ಲ. ಮುಂದಕ್ಕೆ ಹೋಗುವ ಎಲ್ಲ ಗೇರುಗಳ ಹಲ್ಲುಗಳೂ ಯಾವಾಗಲೂ ಕಚ್ಚಿಕೊಂಡೇ ಇರುತ್ತವೆ. ಆದರೆ ಪ್ರತಿ ಜೋಡಿಯಲ್ಲಿ ಒಂದು ಚಕ್ರ ತನ್ನ ಶಾಫ್ಟಿನ ಮೇಲೆ ಸುಮ್ನೆ ತಿರುಗುತ್ತಿರುತ್ತದೆ. ಅದಕ್ಕೂ ಶಾಫ್ಟಿಗೂ ಸಂಬಂಧವಿಲ್ಲ. ನಾವು ಲಿವರ್ ಎಳೆದಾಗ ಒಂದು ಫೋರ್ಕ್ ಒಂದು ಬಳೆಯನ್ನು, ಅಂದರೆ ಸ್ಲೀವನ್ನು, ಸರಿಸುತ್ತದೆ. ಆ ಸ್ಲೀವ್ ಹೋಗಿ ನಮಗೆ ಬೇಕಾದ ಚಕ್ರವನ್ನು ಶಾಫ್ಟಿಗೆ ಬಿಗಿಯುತ್ತದೆ. ಅಷ್ಟೇ ಕೆಲಸ. ಕಷ್ಟ ಇರುವುದು ವೇಗದಲ್ಲಿ. ಸ್ಲೀವ್ ಒಂದು ವೇಗದಲ್ಲಿ ತಿರುಗುತ್ತಿರುತ್ತದೆ, ಚಕ್ರ ಇನ್ನೊಂದು ವೇಗದಲ್ಲಿ. ಹೊರಟ ಬಸ್ಸು ಹತ್ತುವವರು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ, ವೇಗ ಒಂದಾದ ಮೇಲೆ ಕಂಬಿ ಹಿಡಿಯುತ್ತಾರೆ. ಇಲ್ಲೂ ಹಾಗೆಯೇ ಮೊದಲು ವೇಗ ಒಂದಾಗಬೇಕು.

ವೇಗದ ಅಂತರ ಎಷ್ಟು ಎಂದು ಲೆಕ್ಕ ಹಾಕಿ ನೋಡೋಣ. ಗೇರ್ ಬಾಕ್ಸಿನಿಂದ ಹೊರಬರುವ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಎಂಬುದೇ ಗೇರಿನ ಅನುಪಾತ. ಚಿಕ್ಕ ಕಾರುಗಳಲ್ಲಿ ಮೊದಲ ಗೇರಿನ ಅನುಪಾತ ಸುಮಾರು 3.5, ಎರಡನೆಯದು ಸುಮಾರು 1.9 ಇರುತ್ತದೆ. ಮೊದಲ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಕಾರು ಅದೇ ವೇಗದಲ್ಲಿ ಹೋಗುತ್ತಿರುವಾಗ ಎರಡನೇ ಗೇರಿಗೆ ಬೇಕಾದದ್ದು ಸುಮಾರು 1,630 ಸುತ್ತು. ಅಂದರೆ ಕ್ಲಚ್ ಪ್ಲೇಟ್, ಅದರ ಶಾಫ್ಟ್, ಅದಕ್ಕೆ ಕಚ್ಚಿಕೊಂಡ ಅಷ್ಟೂ ಚಕ್ರಗಳು ಕಣ್ಣು ಮಿಟುಕಿಸುವುದರೊಳಗೆ 1,370 ಸುತ್ತು ಕಳೆದುಕೊಳ್ಳಬೇಕು. ನಾಲ್ಕರಿಂದ ಐದಕ್ಕೆ ಹೋಗುವಾಗ ಈ ಅಂತರ 600ರ ಆಸುಪಾಸು ಮಾತ್ರ. ಗೇರ್ ಬಾಕ್ಸಿನ ತೊಂದರೆ ಬಹಳ ಸಲ ಎರಡನೇ ಗೇರಿನಲ್ಲೇ ಮೊದಲು ಕಾಣಿಸಿಕೊಳ್ಳುವುದು ಇದಕ್ಕೇ.

ಹಿಂದೆ ಈ ವೇಗ ಹೊಂದಿಸುವ ಕೆಲಸ ಡ್ರೈವರ್ ಕಾಲಿಗೆ ಬಿಟ್ಟದ್ದು. ಹಳೆಯ ಬಸ್ಸು, ಲಾರಿಗಳ ಡ್ರೈವರುಗಳು ಕ್ಲಚ್ ಒತ್ತಿ, ನ್ಯೂಟ್ರಲ್ ಮಾಡಿ, ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಸ್ವಲ್ಪ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಗೇರ್ ಇಳಿಸುತ್ತಿದ್ದದ್ದನ್ನು ಘಾಟಿ ರಸ್ತೆಯಲ್ಲಿ ಕೇಳಿದವರಿಗೆ ಆ ಸದ್ದು ನೆನಪಿರುತ್ತದೆ. ಡಬಲ್ ಕ್ಲಚ್ ಎನ್ನುವುದು ಅದನ್ನೇ. ಎಂಜಿನ್ ಸದ್ದು ಕೇಳಿಯೇ ವೇಗ ಅಳೆಯುವ ಆ ಕೈಚಳಕದ ಬಗ್ಗೆ ನನಗೆ ಇಂದಿಗೂ ಗೌರವ. ಅಮೆರಿಕದ ಅರ್ಲ್ ಥಾಂಪ್ಸನ್ ಎಂಬಾತ ಈ ಕೆಲಸವನ್ನು ಗೇರ್ ಬಾಕ್ಸಿಗೇ ಕಲಿಸುವ ದಾರಿ ಹುಡುಕಿದ. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಮೊದಲ ಸಲ ಬಂತು. ಅದರ ಹೆಸರು ಸಿಂಕ್ರೋಮೆಶ್. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಬರೀ 'ಸಿಂಕ್ರೋ'.

ಇದರ ಜೀವ ಇರುವುದು ಬಳೆಯಂಥ ಒಂದು ಉಂಗುರದಲ್ಲಿ. ಸಾಮಾನ್ಯವಾಗಿ ಹಿತ್ತಾಳೆಯದು. ಅದರ ಒಳಮೈ ನೇರವಾಗಿಲ್ಲ, ಲೋಟದ ಹಾಗೆ ಸ್ವಲ್ಪ ಓರೆ. ಗೇರ್ ಚಕ್ರದ ಪಕ್ಕದಲ್ಲಿ ಅದೇ ಓರೆಯ ಒಂದು ಉಕ್ಕಿನ ಕೋನ್ ಇರುತ್ತದೆ. ಅಡುಗೆಮನೆಯಲ್ಲಿ ಸ್ಟೀಲ್ ಲೋಟ ಒಂದರೊಳಗೊಂದು ಸಿಕ್ಕಿಕೊಂಡು ಬಿಡಿಸಲು ಒದ್ದಾಡಿದ್ದೀರಿ ಅಲ್ವಾ? ಸಣ್ಣ ಓರೆಯ ಶಕ್ತಿ ಅದು. ಮೆಲ್ಲಗೆ ಒತ್ತಿದರೂ ಗಟ್ಟಿಯಾಗಿ ಹಿಡಿಯುತ್ತದೆ. ಲಿವರ್ ಎಳೆದಾಗ ಉಂಗುರ ಹೋಗಿ ಕೋನನ್ನು ಹಾಗೆಯೇ ಹಿಡಿದುಕೊಳ್ಳುತ್ತದೆ. ಇಬ್ಬರ ವೇಗವೂ ಒಂದಾಗುವವರೆಗೆ ಉಂಗುರದ ಹೊರಗಿನ ಹಲ್ಲುಗಳು ಸ್ಲೀವಿಗೆ ಅಡ್ಡ ನಿಲ್ಲುತ್ತವೆ. ಆ ಬೆಳಗ್ಗೆ ಲಿವರಿನಲ್ಲಿ ನನ್ನನ್ನು ತಡೆದ ಕೈ ಇದೇ. ಅದು ಕೆಟ್ಟದ್ದಕ್ಕೆ ತಡೆದದ್ದಲ್ಲ. ವೇಗ ಇನ್ನೂ ಒಂದಾಗಿಲ್ಲ, ಸ್ವಲ್ಪ ತಾಳು ಎಂದು ತಡೆದದ್ದು.

ಹಾಗಾದರೆ ಚಳಿಯಲ್ಲಿ ವೇಗ ಯಾಕೆ ಬೇಗ ಒಂದಾಗುವುದಿಲ್ಲ? ಉಂಗುರಕ್ಕೂ ಕೋನಿಗೂ ನಡುವೆ ಎಣ್ಣೆ ಇದೆ. ಎಣ್ಣೆಯ ಪದರ ಇರುವವರೆಗೆ ಉಂಗುರ ಜಾರುತ್ತದೆ, ಹಿಡಿಯುವುದಿಲ್ಲ. ಅದಕ್ಕೇ ಉಂಗುರದ ಒಳಮೈಯಲ್ಲಿ ಸ್ಕ್ರೂ ಮರೆಯಂಥ ಸಣ್ಣ ಗೆರೆಗಳನ್ನು ಕೊರೆದಿರುತ್ತಾರೆ. ಅವುಗಳ ಚೂಪು ತುದಿ ಎಣ್ಣೆಯ ಪದರವನ್ನು ಕತ್ತರಿಸುತ್ತದೆ. ಅಡ್ಡಡ್ಡ ಕೊರೆದ ಕಾಲುವೆಗಳ ಮೂಲಕ ಎಣ್ಣೆ ಹೊರಗೆ ಹರಿದುಹೋಗುತ್ತದೆ. ಎಣ್ಣೆ ತೆಳ್ಳಗಿದ್ದರೆ ಇದೆಲ್ಲ ಕ್ಷಣದಲ್ಲಿ ಮುಗಿಯುತ್ತದೆ. ಗಟ್ಟಿಯಾಗಿದ್ದರೆ ಹೊತ್ತು ಹಿಡಿಯುತ್ತದೆ. ಚಳಿಗಾಲದ ಬೆಳಗ್ಗೆ ಹರಳೆಣ್ಣೆ ಸೀಸೆಯನ್ನು ಬಗ್ಗಿಸಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲೇ ಗೇರ್ ಆಯಿಲಿನ ನಿಜವಾದ ಸಂಕಟ ಇರುವುದು. ಗೇರಿನ ಹಲ್ಲುಗಳಿಗೆ ಅದು ಜಾರಿಕೆ ಕೊಡಬೇಕು. ಅಲ್ಲಿಂದ ಒಂದೆರಡು ಸೆಂಟಿಮೀಟರ್ ಆಚೆ ಇರುವ ಹಿತ್ತಾಳೆ ಉಂಗುರಕ್ಕೆ ಹಿಡಿತ ಬಿಟ್ಟುಕೊಡಬೇಕು. ಎರಡೂ ಕೆಲಸ ಒಂದೇ ಎಣ್ಣೆಯದು. ಕಾರಿನ ಎಂಜಿನ್ ಒಳಗಿನ ಆಯಿಲ್ ಆಗಲಿ, ಎತ್ತಿನ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆಯಾಗಲಿ ಇಂಥ ಇಕ್ಕಟ್ಟಿಗೆ ಸಿಕ್ಕಿದ್ದಿಲ್ಲ. ಅದಕ್ಕೇ 'ಜಾಸ್ತಿ ಜಾರುವ ಎಣ್ಣೆ ಹಾಕಿದರೆ ಗೇರ್ ನಯವಾಗುತ್ತದೆ' ಎಂಬ ಮಾತು ಅರ್ಧ ಮಾತ್ರ ನಿಜ.

ಡಬ್ಬದ ಮೇಲಿನ ಅಂಕಿಗಳನ್ನು ಈಗ ಓದೋಣ. 75ಡಬ್ಲ್ಯೂ-90 ಎಂದಿದ್ದರೆ ಮೊದಲ ಭಾಗ ಚಳಿಯ ಮಾತು. ಡಬ್ಲ್ಯೂ ಎಂದರೆ ವಿಂಟರ್. ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇಯ ಅಳತೆಯ ಪ್ರಕಾರ 75ಡಬ್ಲ್ಯೂ ಎಣ್ಣೆ ಮೈನಸ್ 40 ಡಿಗ್ರಿಯವರೆಗೂ ಒಂದು ಮಿತಿ ಮೀರಿ ಗಟ್ಟಿಯಾಗಬಾರದು. 80ಡಬ್ಲ್ಯೂಗೆ ಅದು ಮೈನಸ್ 26, 85ಡಬ್ಲ್ಯೂಗೆ ಮೈನಸ್ 12. ನಮ್ಮ ಮಲೆನಾಡಿನಲ್ಲಿ ಅಂಥ ಚಳಿ ಎಲ್ಲಿದೆ ಎನ್ನಬಹುದು. ಆದರೆ ಈ ವ್ಯತ್ಯಾಸ ಹತ್ತು ಹನ್ನೆರಡು ಡಿಗ್ರಿಯ ಬೆಳಗ್ಗೆಯೂ ಲಿವರಿಗೆ ತಿಳಿಯುತ್ತದೆ. ಎರಡನೇ ಅಂಕಿ ಎಣ್ಣೆ 100 ಡಿಗ್ರಿಗೆ ಕಾದಾಗ ಎಷ್ಟು ಗಟ್ಟಿ ಉಳಿದಿದೆ ಎಂದು ಹೇಳುತ್ತದೆ. ನನ್ನ ಕಾರಿನೊಳಗೆ ಇದ್ದ 85ಡಬ್ಲ್ಯೂ-140, 40 ಡಿಗ್ರಿ ಶಾಖದಲ್ಲೇ 75ಡಬ್ಲ್ಯೂ-90ಗಿಂತ ಮೂರು ನಾಲ್ಕು ಪಟ್ಟು ಗಟ್ಟಿ. ಚಳಿಯಲ್ಲಿ ಈ ಅಂತರ ಇನ್ನೂ ಹೆಚ್ಚುತ್ತದೆ. ಇನ್ನೊಂದು ವಿಷಯ: ಗೇರ್ ಆಯಿಲಿನ ಅಂಕಿಗಳೂ ಎಂಜಿನ್ ಆಯಿಲಿನ ಅಂಕಿಗಳೂ ಬೇರೆ ಬೇರೆ ಅಳತೆಗೋಲಿನವು. 90 ಎಂಬ ಗೇರ್ ಆಯಿಲ್, ಎಂಜಿನ್ ಆಯಿಲಿನ 40 ಅಥವಾ 50ರಷ್ಟೇ ಗಟ್ಟಿ ಇರುತ್ತದೆ.

ಗೇರ್ ಆಯಿಲಿನ ಡಬ್ಬ ತೆರೆದರೆ ಒಂದು ಘಾಟು ಮೂಗಿಗೆ ಬಡಿಯುತ್ತದೆ. ಈರುಳ್ಳಿ ಕೊಳೆತ ಹಾಗೆ. ಅದು ಗಂಧಕದ ಸಂಯುಕ್ತಗಳ ವಾಸನೆ. ನಮ್ಮ ಸಾರಿನ ಒಗ್ಗರಣೆಯ ಇಂಗಿನಲ್ಲೂ ಘಾಟು ಬರುವುದು ಗಂಧಕದ ಸಂಯುಕ್ತಗಳಿಂದಲೇ. ಎಣ್ಣೆಯಲ್ಲಿ ಗಂಧಕಕ್ಕೆ ಏನು ಕೆಲಸ? ಎರಡು ಹಲ್ಲುಗಳು ಒತ್ತುವ ಕಡೆ ಒತ್ತಡ ಗಾಳಿಯ ಒತ್ತಡಕ್ಕಿಂತ ಹತ್ತು ಸಾವಿರ ಪಟ್ಟು ಆಗಬಹುದು. ಎಣ್ಣೆಯ ಪದರ ಅಲ್ಲಿ ಹರಿದುಹೋಗಬಹುದು. ಆಗ ಗಂಧಕ ಆ ಶಾಖದಲ್ಲಿ ಕಬ್ಬಿಣದ ಜೊತೆ ಸೇರಿ ತೆಳುವಾದ ಒಂದು ಪೊರೆ ಕಟ್ಟುತ್ತದೆ. ಸವೆಯುವುದು ಆ ಪೊರೆ, ಉಕ್ಕಿನ ಹಲ್ಲು ಉಳಿಯುತ್ತದೆ. ಪೊರೆ ಹೋದಲ್ಲಿ ಹೊಸದು ಕಟ್ಟುತ್ತದೆ. ಹಿಂದೆ ಇದಕ್ಕಾಗಿ ಗಂಧಕ ಬೆರೆಸಿದ ತಿಮಿಂಗಿಲದ ಎಣ್ಣೆಯನ್ನೂ ಬಳಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ತಿಮಿಂಗಿಲದ ಎಣ್ಣೆಗೆ ನಿಷೇಧ ಬಂದು, ರಸಾಯನ ತಜ್ಞರು ಬೇರೆ ದಾರಿ ಹುಡುಕಬೇಕಾಯಿತು. ಆ ದೊಡ್ಡ ಜೀವಿಗಳು ನಮ್ಮ ಗೇರ್ ಬಾಕ್ಸುಗಳಿಗೂ ಬಲಿಯಾಗಿದ್ದವು ಎಂದು ಓದಿದಾಗ ನನಗೆ ನಿಜವಾಗಿ ನೋವಾಯಿತು.

ಗಂಧಕಕ್ಕೆ ಇನ್ನೊಂದು ಗುಣ ಇದೆ. ದೇವರ ಮನೆಯ ಬೆಳ್ಳಿ ದೀಪ ತಿಂಗಳುಗಟ್ಟಲೆ ಇಟ್ಟರೆ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅಂಶದಿಂದ. ತಾಮ್ರಕ್ಕೂ ಅದು ಅಂಟುತ್ತದೆ. ಹಿತ್ತಾಳೆಯಲ್ಲಿ ಹೆಚ್ಚಿನ ಪಾಲು ತಾಮ್ರವೇ. ಗಂಧಕ ಹೆಚ್ಚಿರುವ, ಚುರುಕಾಗಿರುವ ಎಣ್ಣೆ ಬಿಸಿಯಲ್ಲಿ ಸಿಂಕ್ರೋ ಉಂಗುರವನ್ನು ಮೆಲ್ಲಗೆ ತಿನ್ನಬಹುದು. ಜಿಎಲ್-4, ಜಿಎಲ್-5 ಎಂಬ ಗುರುತುಗಳು ಮುಖ್ಯವಾಗುವುದು ಇಲ್ಲಿ. ಇವು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಕೊಟ್ಟ ದರ್ಜೆಗಳು. ಜಿಎಲ್-5ರಲ್ಲಿ ಈ ಒತ್ತಡ ತಡೆಯುವ ರಾಸಾಯನಿಕಗಳು ಜಿಎಲ್-4ರ ಸುಮಾರು ದುಪ್ಪಟ್ಟು. ಅದು ಬೇಕಾಗುವುದು ಲಾರಿ, ಜೀಪುಗಳ ಹಿಂದಿನ ಡಿಫರೆನ್ಷಿಯಲ್‌ಗೆ. ಅಲ್ಲಿ ಹಲ್ಲುಗಳು ಒತ್ತುವುದಷ್ಟೇ ಅಲ್ಲ, ಒಂದರ ಮೇಲೊಂದು ಉಜ್ಜಿಕೊಂಡು ಸರಿಯುತ್ತವೆ. ಮುಂದಿನ ಚಕ್ರಗಳಿಂದ ಓಡುವ ಚಿಕ್ಕ ಕಾರುಗಳಲ್ಲಿ ಡಿಫರೆನ್ಷಿಯಲ್ ಕೂಡ ಗೇರ್ ಬಾಕ್ಸಿನೊಳಗೇ ಇದ್ದರೂ, ಅಲ್ಲಿನ ಹಲ್ಲುಗಳಿಗೆ ಸಾಮಾನ್ಯವಾಗಿ ಅಷ್ಟು ಉಜ್ಜಾಟ ಇರುವುದಿಲ್ಲ.

ಇವತ್ತಿನ ಒಳ್ಳೆಯ ಜಿಎಲ್-5 ಎಣ್ಣೆಗಳಲ್ಲಿ ಹಿತ್ತಾಳೆಯನ್ನು ಕಾಪಾಡುವ ವಸ್ತುಗಳನ್ನೂ ಸೇರಿಸಿರುತ್ತಾರೆ. ಹಾಗಾಗಿ ತಿನ್ನುವ ಭಯ ಮೊದಲಿನಷ್ಟಿಲ್ಲ. ಆದರೆ ಉಂಗುರದ ಹಿಡಿತ ಕಡಿಮೆಯಾಗುವ ತೊಂದರೆ ಇದ್ದೇ ಇದೆ. ಐದು ದೊಡ್ಡದು, ಆದ್ದರಿಂದ ನಾಲ್ಕಕ್ಕಿಂತ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೆಲವು ಕಂಪನಿಗಳು ತಮ್ಮ ಗೇರ್ ಬಾಕ್ಸಿಗೆ ಜಿಎಲ್-5 ಹೇಳುತ್ತವೆ, ಕೆಲವು ಎಂಜಿನ್ ಆಯಿಲ್ ಹೇಳುತ್ತವೆ, ಇನ್ನು ಕೆಲವು ತಮ್ಮದೇ ಎಣ್ಣೆ. ಉಂಗುರದ ಲೋಹವನ್ನೂ ಎಣ್ಣೆಯನ್ನೂ ಜೊತೆಯಾಗಿ ಪರೀಕ್ಷಿಸಿದವರು ಅವರು. ಕಾರಿನ ಜೊತೆ ಬಂದ ಕೈಪಿಡಿಯಲ್ಲಿ ಇರುವುದನ್ನೇ ಹಾಕಿ ಎನ್ನುತ್ತೇನೆ ನಾನು. ನನ್ನ ಕಾರಿನದರಲ್ಲಿ 75ಡಬ್ಲ್ಯೂ-90, ಜಿಎಲ್-4 ಎಂದಿತ್ತು.

ಎಣ್ಣೆ ಬದಲಿಸುವ ದಿನ ನಾನೂ ಮೇಸ್ತ್ರಿಯ ಪಕ್ಕದಲ್ಲೇ ಕೂತೆ. ಕಾರನ್ನು ಮೊದಲು ಹತ್ತು ಕಿಲೋಮೀಟರ್ ಓಡಿಸಿ ತರಲು ಹೇಳಿದ್ದರು. ಬಿಸಿ ಎಣ್ಣೆ ಬೇಗ ಇಳಿಯುತ್ತದೆ, ತಳದ ಕೊಳೆಯನ್ನೂ ತನ್ನ ಜೊತೆ ತರುತ್ತದೆ. ಅವರು ಕೆಳಗಿನ ಡ್ರೈನ್ ಪ್ಲಗ್ ಮುಟ್ಟಲಿಲ್ಲ, ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿದರು. ಯಾಕೆ ಎಂದೆ. "ಕೆಳಗಡೆದು ಬಿಚ್ಚಿ ಆಯಿಲ್ ಎಲ್ಲಾ ಇಳಿದ್ಮೇಲೆ ಮೇಲಿಂದು ಜಾಮ್ ಆಗಿದ್ರೆ ಏನ್ಮಾಡ್ತೀರಿ? ಗಾಡಿ ಇಲ್ಲೇ ನಿಲ್ಬೇಕು." ಎಷ್ಟು ಸರಿಯಾದ ಮಾತು! ಹೊಸ ವಾಷರ್ ಹಾಕಿ ಕೆಳಗಿನ ಪ್ಲಗ್ ಬಿಗಿದ ಮೇಲೆ, ಸಮತಟ್ಟು ನೆಲದಲ್ಲಿ ಕಾರು ನಿಂತಿರುವಾಗ, ಮೇಲಿನ ತೂತಿನಿಂದ ತೊಟ್ಟಿಕ್ಕುವವರೆಗೆ ಹೊಸ ಎಣ್ಣೆ ತುಂಬಿದರು. ಸುಮಾರು ಎರಡು ಲೀಟರ್ ಹಿಡಿಯಿತು. ಜಾಸ್ತಿಯಾದರೆ ನೊರೆ ಬಂದು ಆಯಿಲ್ ಸೀಲಿನಿಂದ ಸೋರುತ್ತದೆ. ಕಡಿಮೆಯಾದರೆ ಮೇಲಿನ ಬೇರಿಂಗುಗಳಿಗೆ ಎಣ್ಣೆ ಸಿಗುವುದಿಲ್ಲ. ಹಳೆಯದನ್ನು ಅವರು ಚರಂಡಿಗೆ ಚೆಲ್ಲಲಿಲ್ಲ, ಹಳೆ ಆಯಿಲ್ ಒಯ್ಯುವವರಿಗೆ ಕೊಡಲು ಕ್ಯಾನಿಗೆ ತುಂಬಿಟ್ಟರು.

ಡ್ರೈನ್ ಪ್ಲಗ್ಗಿನ ತುದಿಯ ಅಯಸ್ಕಾಂತದಲ್ಲಿ ಬೂದು ಬಣ್ಣದ ನುಣ್ಣನೆ ಹಿಟ್ಟು ಮೆತ್ತಿಕೊಂಡಿತ್ತು. ಅದು ಸಹಜ, ಉಕ್ಕಿನ ದಿನನಿತ್ಯದ ಸವೆತ. ಚೂರುಗಳು ಸಿಕ್ಕಿದ್ದರೆ ಚಿಂತೆ ಮಾಡಬೇಕಿತ್ತು. ಆದರೆ ತಟ್ಟೆಯಲ್ಲಿದ್ದ ಹಳೆ ಎಣ್ಣೆಯನ್ನು ಬಿಸಿಲಿಗೆ ಹಿಡಿದಾಗ ಚಿನ್ನದ ಬಣ್ಣದ ಸಣ್ಣ ಮಿನುಗು ಕಂಡಿತು. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಎಣ್ಣೆಯಲ್ಲೇ ತೇಲುತ್ತದೆ. ಸಿಂಕ್ರೋ ಉಂಗುರ ಸವೆಯುತ್ತಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಮೇಸ್ತ್ರಿ ಅದನ್ನು ಬೆರಳಿನಿಂದ ಉಜ್ಜಿ ನೋಡಿ, "ಸ್ವಲ್ಪ ತಿಂದಿದೆ ಸಾರ್" ಎಂದರು.

ಎಣ್ಣೆಯಿಂದ ಸರಿಹೋಗದ ತೊಂದರೆಗಳೂ ಇವೆ. ದುಡ್ಡು ಖರ್ಚು ಮಾಡುವ ಮೊದಲು ನೀವೇ ಒಂದು ಪರೀಕ್ಷೆ ಮಾಡಬಹುದು. ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ ಒಂದೊಂದೇ ಗೇರ್ ಹಾಕಿ ನೋಡಿ. ಆಗ ಎಲ್ಲವೂ ಸಲೀಸಾಗಿ ಬಿದ್ದು, ನಿಂತ ಗಾಡಿಯಲ್ಲಿ ಎಂಜಿನ್ ಶುರುವಾದ ಮೇಲೆ ಮಾತ್ರ ಎಲ್ಲ ಗೇರುಗಳೂ ಬಿಗಿಯಾದರೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂಬ ಅನುಮಾನ ಬರಬೇಕು. ಎಂಜಿನ್ ಆಫ್ ಇದ್ದಾಗಲೂ ಬಿಗಿ ಎಂದರೆ ಲಿವರಿನ ಕೇಬಲ್, ಬುಷ್‌ಗಳನ್ನು ನೋಡಿಸಿ. ರಿವರ್ಸ್ ಹಾಕುವಾಗ ಮಾತ್ರ ಕರ್ರ್ ಎಂದರೆ ಗಾಬರಿ ಬೇಡ. ಎಷ್ಟೋ ಕಾರುಗಳಲ್ಲಿ ರಿವರ್ಸಿಗೆ ಸಿಂಕ್ರೋ ಇರುವುದೇ ಇಲ್ಲ. ಕ್ಲಚ್ ಒತ್ತಿ ಎರಡು ಮೂರು ಸೆಕೆಂಡ್ ತಾಳಿದರೆ ಒಳಗಿನ ಚಕ್ರಗಳು ನಿಲ್ಲುತ್ತವೆ. ಬೈಕುಗಳ ಕಥೆ ಬೇರೆ. ಅವುಗಳಲ್ಲಿ ಸಿಂಕ್ರೋ ಇಲ್ಲ, ಹೆಚ್ಚಿನವುಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಎಣ್ಣೆ.

ಹೊಸ ಎಣ್ಣೆ ಹಾಕಿದ ಮರುದಿನ ಬೆಳಗ್ಗೆಯೂ ಚಳಿ ಹಾಗೇ ಇತ್ತು. ಗೇಟು ದಾಟಿ ಲಿವರ್ ಎಳೆದೆ. ಎರಡನೇ ಗೇರ್ ಕರ್ರ್ ಎನ್ನದೆ ಬಿತ್ತು. ಪೂರ್ತಿ ಸಲೀಸಲ್ಲ, ಒಂದು ಚಿಕ್ಕ ತಡೆ ಇನ್ನೂ ಇದೆ. ಸವೆದ ಗೆರೆಗಳನ್ನು ಯಾವ ಎಣ್ಣೆಯೂ ಮತ್ತೆ ಕೊರೆಯಲಾರದು. ಈಗ ಆ ತಡೆ ಕೈಗೆ ತಿಳಿದಾಗ ನಾನು ಒತ್ತುವುದಿಲ್ಲ. ಲಿವರ್ ಮೇಲೆ ಕೈ ಹಗುರವಾಗಿ ಇಟ್ಟು, ಅರ್ಧ ಸೆಕೆಂಡ್ ಕಾಯುತ್ತೇನೆ. ಅಷ್ಟರಲ್ಲಿ ಉಂಗುರ ದಾರಿ ಬಿಡುತ್ತದೆ.