ತಾತನ ಅಪ್ಪನ ಹೆಸರು ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಹಳ್ಳಿ. ತಾತನ ಅಪ್ಪ ಯಾರು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನಾಡಕಚೇರಿಯಲ್ಲಿ ತೆಗೆಸಿದ ವಂಶವೃಕ್ಷದಲ್ಲೂ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಪಿತ್ರಾರ್ಜಿತ ಜಮೀನು ಒಂದು ಗುಂಟೆ ಇದ್ದರೂ ಸಾಕು, ಅದರ ಸರ್ವೆ ನಂಬರ್ ಹಿಡಿದು ಹೊರಡಿ. ನಾಡಕಚೇರಿಯ ವಂಶವೃಕ್ಷ ಇವತ್ತಿನ ವಾರಸುದಾರರನ್ನು ತೋರಿಸಲು ಮಾಡಿದ್ದು. ಕಂಪ್ಯೂಟರ್ ಪಹಣಿಯೂ ಹಿಂದಕ್ಕೆ ಹೋದರೆ 2000ದ ಆಸುಪಾಸಿಗೆ ನಿಲ್ಲುತ್ತದೆ. ಅದಕ್ಕೂ ಹಿಂದಿನ ಕೈಬರಹದ ಪಹಣಿ, ಮ್ಯುಟೇಷನ್ (ಖಾತೆ ಬದಲಾವಣೆ) ಪುಸ್ತಕಗಳ ನಕಲಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಿ. ಯಜಮಾನ ತೀರಿಕೊಂಡಾಗ ಮಕ್ಕಳ ಹೆಸರಿಗೆ ಪೌತಿ ಖಾತೆ ಆಗುತ್ತದಲ್ವಾ, ಅಂಥ ಒಂದೊಂದು ನಮೂದಿನಲ್ಲೂ ಒಂದು ತಲೆಮಾರು ಹಿಂದಕ್ಕೆ ಹೋಗಬಹುದು. ‘ಮುನಿಯಪ್ಪ ಬಿನ್ ವೆಂಕಟಪ್ಪ’ ಎಂದಿದ್ದರೆ ವೆಂಕಟಪ್ಪನ ಮಗ. ‘ಕೋಂ’ ಎಂದಿದ್ದರೆ ಹೆಂಡತಿ. ಚಿಂತಾಮಣಿ ಈಗಿರುವ ಚಿಕ್ಕಬಳ್ಳಾಪುರ ಜಿಲ್ಲೆಯಾಗಿದ್ದು 2007ರಲ್ಲಿ. ಹಳೆ ಕಾಗದದಲ್ಲಿ ಕೋಲಾರ ಜಿಲ್ಲೆ ಅಂತಿದ್ದರೆ ಗಾಬರಿ ಬೇಡ.

ಒಂದು ಕಡೆ ಮಾತ್ರ ತುಂಬಾ ಹುಷಾರಾಗಿರಿ. ನಮ್ಮ ಕಡೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಒಂದೇ ಮನೆತನದಲ್ಲಿ ಮೂವರು ಮುನಿಯಪ್ಪಂದಿರು ಸಿಕ್ಕರೂ ಸಿಗಬಹುದು. ಹೆಸರು ಒಂದೇ ಅಂತ ಸುಮ್ನೆ ಸೇರಿಸಬೇಡಿ. ಅಪ್ಪನ ಹೆಸರು, ಸರ್ವೆ ನಂಬರ್, ವರ್ಷ, ಮೂರೂ ತಾಳೆಯಾಗಬೇಕು.

ಹಳೆ ಕ್ರಯಪತ್ರದಲ್ಲಿ ಇಸವಿಯ ಬದಲು ಸಂವತ್ಸರ ಇರಬಹುದು. ಅದು 60 ವರ್ಷಕ್ಕೊಮ್ಮೆ ಮತ್ತೆ ಬರುತ್ತದೆ. ಪ್ರಭವ ಅಂದರೆ 1867-68 ಆಗಬಹುದು, 1927-28 ಕೂಡ ಆಗಬಹುದು. ಹಿರಿಯರು ‘ಧಾತು ಈಶ್ವರ ಬರದಲ್ಲಿ ಈ ಊರಿಗೆ ಬಂದೆವು’ ಅಂದರೆ ಅದು ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದ ದೊಡ್ಡ ಬರ, 1876-78ರ ಮಾತು.

ಜಮೀನಿಲ್ಲದ ಮನೆತನವಾದರೆ ಊರಿನ ಹಳೆ ಶಾಲೆಯ ದಾಖಲಾತಿ ರಿಜಿಸ್ಟರ್ ನೋಡಿ.

ಇಷ್ಟಾದರೂ ಕಾಗದದಲ್ಲಿ ಹೆಣ್ಣುಮಕ್ಕಳು ಜಾಸ್ತಿ ಸಿಗುವುದಿಲ್ಲ. ನನಗೆ ತುಂಬಾ ಬೇಸರದ ವಿಷಯ ಇದು. ಯಾವ ಊರಿಂದ ಹೆಣ್ಣು ತಂದರು, ಯಾವ ಊರಿಗೆ ಕೊಟ್ಟರು ಅನ್ನುವುದು ಅಜ್ಜಿಯರಿಗೇ ಗೊತ್ತು. ಅರ್ಜಿ ಹಾಕಿ ಕಾಯುವ ದಿನಗಳಲ್ಲೇ ತಾತನ ತಂಗಿಯರು, ಸೋದರತ್ತೆಯರು ಇದ್ದರೆ ಅವರ ಮನೆಗೆ ಹೋಗಿ ಕೂತು ಕೇಳಿ, ಬರೆದುಕೊಳ್ಳಿ. ಮನೆದೇವರು ಯಾವುದು, ಕದಿರಿ ನರಸಿಂಹಸ್ವಾಮಿಯೋ ಮತ್ತೊಂದೋ, ಅದೇ ದೇವರ ಒಕ್ಕಲಾದ ಅಣ್ಣತಮ್ಮಂದಿರ ಮನೆಗಳು ಬೇರೆ ಯಾವ ಊರಲ್ಲಿವೆ ಅಂತಲೂ ಕೇಳಿ. ನಿಮ್ಮ ಮನೆಯಲ್ಲಿ ಮರೆತುಹೋದ ಹೆಸರು ಅವರ ಮನೆಯಲ್ಲಿ ಯಾರಿಗಾದರೂ ನೆನಪಿರಬಹುದು.