ಎಲ್‌ಡ್ರಾ: ಹವ್ಯಾಸಿಗಳು ಅಳೆದು ಕಟ್ಟಿದ ಇಟ್ಟಿಗೆ ಭಂಡಾರ

ಲೆಗೊ ಎಂಬ ಪ್ಲಾಸ್ಟಿಕ್ ಆಟಿಕೆ ಇಟ್ಟಿಗೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಲು ಹವ್ಯಾಸಿಗಳು ಕಟ್ಟಿದ ಫೈಲುಗಳ ಭಂಡಾರ ಎಲ್‌ಡ್ರಾ. ಅದರಲ್ಲಿರುವ, ಒಂದೇ ಸ್ಟಡ್ ಇರುವ ಅತಿ ಚಿಕ್ಕ ಲೆಗೊ ಇಟ್ಟಿಗೆಯ ಡಿಜಿಟಲ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಒಳಗೆ ಚಿತ್ರವೇನೂ ಕಾಣುವುದಿಲ್ಲ. ಸಿಗುವುದು ಇಂಥ ಸಾಲುಗಳು:

1 16 0 0 0 1 0 0 0 1 0 0 0 1 ಸ್ಟಡ್.ಡ್ಯಾಟ್

ಮೊದಲ 1 ಎಂದರೆ ‘ಬೇರೊಂದು ಫೈಲನ್ನು ಇಲ್ಲಿಗೆ ಕರೆದುಕೊಂಡು ಬಾ’. 16 ಎಂಬುದು ಬಣ್ಣ; ಯಾವುದೋ ಒಂದು ನಿರ್ದಿಷ್ಟ ಬಣ್ಣವಲ್ಲ, ಇಟ್ಟಿಗೆಗೆ ಬಳಕೆದಾರ ಯಾವ ಬಣ್ಣ ಕೊಡುತ್ತಾನೋ ಅದೇ. ನಂತರದ ಮೂರು ಸೊನ್ನೆಗಳು ಅದು ಕೂರಬೇಕಾದ ಜಾಗ. ಆಮೇಲಿನ ಒಂಬತ್ತು ಅಂಕಿಗಳು ಅದನ್ನು ಎಷ್ಟು ತಿರುಗಿಸಬೇಕು, ಎಷ್ಟು ಹಿಗ್ಗಿಸಬೇಕು ಎಂಬ ಲೆಕ್ಕ. ಕೊನೆಯದು ಫೈಲಿನ ಹೆಸರು. ಸ್ಟಡ್ ಎಂದರೆ ಇಟ್ಟಿಗೆಯ ನೆತ್ತಿಯ ಮೇಲಿನ ಪುಟ್ಟ ದುಂಡನೆಯ ಉಬ್ಬು. ಅದನ್ನು ಯಾರೋ ಒಮ್ಮೆ ಬರೆದಿಟ್ಟಿದ್ದಾರೆ, ಉಳಿದ ಸಾವಿರಾರು ಬಿಡಿಭಾಗಗಳು ಅದನ್ನೇ ಕರೆದು ಬಳಸುತ್ತವೆ.

ಈ ಬರವಣಿಗೆಯ ಕ್ರಮ 1995ರದ್ದು. ಆಸ್ಟ್ರೇಲಿಯಾದ ಜೇಮ್ಸ್ ಜೆಸಿಮನ್ ಎಂಬ ಹವ್ಯಾಸಿ ವಿಂಡೋಸ್‌ಗೂ ಹಿಂದಿನ ಡಾಸ್ ವ್ಯವಸ್ಥೆಯ ಕಂಪ್ಯೂಟರಿಗಾಗಿ ಎಲ್‌ಡ್ರಾ ಎಂಬ ಪ್ರೋಗ್ರಾಂ ಬರೆದರು. ಅದರ ಕೆಲಸ ಇಂಥ ಫೈಲನ್ನು ಓದಿ ಪರದೆಯ ಮೇಲೆ ಇಟ್ಟಿಗೆಗಳನ್ನು ಬಿಡಿಸುವುದಷ್ಟೇ. ಜೋಡಿಸುವ ಕೆಲಸಕ್ಕೆ ಎಲ್‌ಎಡಿಟ್ ಎಂಬ ಇನ್ನೊಂದು ಪ್ರೋಗ್ರಾಂ ಇತ್ತು. ಡಾಸ್ ಕಾಲದ ಗುರುತು ಈಗಲೂ ಅಳಿಸಿಲ್ಲ: 0 ಕಪ್ಪು, 1 ನೀಲಿ, 2 ಹಸಿರು, 4 ಕೆಂಪು, 14 ಹಳದಿ, 15 ಬಿಳಿ ಎಂಬ ಸಂಖ್ಯೆಗಳು ಆಗಿನ ಹದಿನಾರು ಬಣ್ಣಗಳ ಪರದೆಯಿಂದ ನೇರವಾಗಿ ಬಂದವು. ಆಮೇಲೆ ಕಂಪನಿ ಹತ್ತಾರು ಹೊಸ ಬಣ್ಣಗಳನ್ನು ಮಾರುಕಟ್ಟೆಗೆ ತಂದಾಗ ಪಟ್ಟಿ ಬೆಳೆಯಿತೇ ಹೊರತು ಹಳೆಯ ಸಂಖ್ಯೆಗಳು ಕದಲಲಿಲ್ಲ.

ಜೆಸಿಮನ್ ಮಾಡಿದ ಜಾಣತನದ ಕೆಲಸ ಬೇರೆಯೇ ಇದೆ. ಅವರು ಮಿಲಿಮೀಟರನ್ನು ಬಿಟ್ಟು ತಮ್ಮದೇ ಒಂದು ಅಳತೆ ಹಿಡಿದರು. ಈಗ ಅದಕ್ಕೆ ಎಲ್‌ಡ್ರಾ ಯೂನಿಟ್ ಎಂದು ಹೆಸರು, ಸುಮಾರು 0.4 ಮಿ.ಮೀ. ನಿಜವಾದ ಇಟ್ಟಿಗೆಯಲ್ಲಿ ಒಂದು ಸ್ಟಡ್ಡಿನ ನಡುವಿನಿಂದ ಪಕ್ಕದ್ದರ ನಡುವಿಗೆ 8 ಮಿ.ಮೀ., ಎತ್ತರ 9.6 ಮಿ.ಮೀ., ತೆಳು ಪ್ಲೇಟ್ 3.2 ಮಿ.ಮೀ. ಈ ಹೊಸ ಅಳತೆಯಲ್ಲಿ ಅವು 20, 24 ಮತ್ತು 8 ಆಗುತ್ತವೆ. ಎಲ್ಲವೂ ಪೂರ್ಣಾಂಕ. ಐದು ಪ್ಲೇಟ್ ಪೇರಿಸಿದರೆ 40, ಎರಡು ಸ್ಟಡ್ ಅಗಲವೂ 40. ಇಟ್ಟಿಗೆಗಳನ್ನು ಪಕ್ಕಕ್ಕೆ ಮಲಗಿಸಿ ಕಟ್ಟುವವರಿಗೆ ಈ ಹೊಂದಾಣಿಕೆಯೇ ಬಂಡವಾಳ. ಎಲ್ಲ ಕಡೆಯೂ ಇಷ್ಟು ಚೊಕ್ಕವಾಗಿ ಕೂರುವುದಿಲ್ಲ, ನಿಜ. ಎಲ್‌ಡ್ರಾದಲ್ಲಿ ಸ್ಟಡ್ಡಿನ ಎತ್ತರ 4, ಅಂದರೆ 1.6 ಮಿ.ಮೀ.; ಅಸಲಿ ಸ್ಟಡ್ ಅದಕ್ಕಿಂತ ಕೂದಲೆಳೆಯಷ್ಟು ಎತ್ತರ. ಪರದೆಯ ಮೇಲೆ ಇದು ಯಾರ ಕಣ್ಣಿಗೂ ಬೀಳದು. ಇನ್ನೊಂದು ವಿಚಿತ್ರವೆಂದರೆ ಇಲ್ಲಿ ಮೇಲಕ್ಕೆ ಹೋದಷ್ಟೂ ಸಂಖ್ಯೆ ಋಣವಾಗುತ್ತದೆ. ಹೊಸಬರ ಮೊದಲ ಗೋಪುರ ಸಾಮಾನ್ಯವಾಗಿ ನೆಲದೊಳಕ್ಕೆ ಬೆಳೆಯುತ್ತದೆ.

1997ರ ಜುಲೈ 25ರಂದು, ಇನ್ನೂ ಇಪ್ಪತ್ತರ ಹರೆಯದಲ್ಲೇ, ಜೆಸಿಮನ್ ತೀರಿಕೊಂಡರು. ಒಬ್ಬನೇ ಬರೆದ ಸಾಫ್ಟ್‌ವೇರ್ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಇಲ್ಲಿಯೂ ಪ್ರೋಗ್ರಾಂ ನಿಂತಲ್ಲೇ ನಿಂತಿತು, ಆದರೆ ಫೈಲುಗಳು ಓದಲು ಬರುವ ಅಕ್ಷರ-ಅಂಕಿಗಳಲ್ಲಿದ್ದವು. ಯಾರು ಬೇಕಾದರೂ ಅವನ್ನು ಓದುವ ಹೊಸ ಪ್ರೋಗ್ರಾಂ ಬರೆಯಬಹುದಿತ್ತು, ಬರೆದರು ಕೂಡ. ಮೈಕೇಲ್ ಲಾಖ್ಮನ್ ಅವರ ಎಂಎಲ್‌ಕ್ಯಾಡ್ ವಿಂಡೋಸ್‌ನಲ್ಲಿ ಜೋಡಣೆಯನ್ನು ಸಲೀಸು ಮಾಡಿತು. ಲಿಯೊನಾರ್ಡೊ ಜೀಡೆ ಲಿಯೊಕ್ಯಾಡ್ ತಂದರು, ಟ್ರಾವಿಸ್ ಕಾಬ್ಸ್ ಎಲ್‌ಡಿವ್ಯೂ ತಂದರು. ಲಾರ್ಸ್ ಹ್ಯಾಸಿಂಗ್ ಬರೆದ ಎಲ್3ಪಿ ಇದೇ ಫೈಲುಗಳನ್ನು ಪೊವ್‌ರೇ ಎಂಬ ಚಿತ್ರಕಾರ ಪ್ರೋಗ್ರಾಮಿಗೆ ದಾಟಿಸಿ, ನೆರಳು-ಹೊಳಪು ಇರುವ ಚಿತ್ರಗಳನ್ನು ಹೊರಡಿಸಿತು. ಬಿಡಿಭಾಗಗಳ ಭಂಡಾರ ಎಲ್‌ಡ್ರಾ ಎಂಬ ಹೆಸರಿನಲ್ಲೇ ಸಮುದಾಯದ ಕೈಗೆ ಬಂತು. ಪ್ರತಿ ವರ್ಷ ಕೊಡುವ ಒಂದು ಗೌರವಕ್ಕೂ ಜೆಸಿಮನ್ ಹೆಸರೇ ಇದೆ.

ಇನ್ನು ಒಂದು ಬಿಡಿಭಾಗ ಹುಟ್ಟುವ ಬಗೆ. ಕಂಪನಿಯ ನಕ್ಷೆ ಹವ್ಯಾಸಿಗಳಿಗೆ ಸಿಗುವುದಿಲ್ಲ, ಅಸಲಿ ತುಂಡನ್ನು ಸೂಕ್ಷ್ಮ ಅಳತೆಯ ಸಾಧನವಾದ ಕ್ಯಾಲಿಪರ್‌ನಿಂದ ಅಳೆಯಬೇಕು. ಆ ಒಂಟಿ ಸ್ಟಡ್ ಇಟ್ಟಿಗೆಯನ್ನೇ ನೋಡಿ. ತಲೆಬರಹದ ಸಾಲುಗಳನ್ನು ಬಿಟ್ಟರೆ ಅದರ ಒಡಲಿನಲ್ಲಿ ಇರುವುದು ಬೆರಳೆಣಿಕೆಯ ಸಾಲು. ತಳವಿಲ್ಲದ ಒಂದು ಪೆಟ್ಟಿಗೆ, 20 ಅಗಲ, 24 ಎತ್ತರ. ಅದರೊಳಗೆ ಇನ್ನೊಂದು ಪೆಟ್ಟಿಗೆ, 12 ಅಗಲ, 20 ಎತ್ತರ. ಎರಡರ ನಡುವಿನ ಅಂಚನ್ನು ಕೆಳಗಿನಿಂದ ಮುಚ್ಚುವ ನಾಲ್ಕು ಚತುರ್ಭುಜಗಳು. ಮೇಲೊಂದು ಸ್ಟಡ್. ಒಳಪೆಟ್ಟಿಗೆ 12 ಇರುವುದು ಸುಮ್ಮನಲ್ಲ. ಸ್ಟಡ್ಡಿನ ವ್ಯಾಸವೂ 12, ಹಾಗಾಗಿಯೇ ಇಟ್ಟಿಗೆ ಇಟ್ಟಿಗೆಯನ್ನು ಕಚ್ಚಿ ಹಿಡಿಯುತ್ತದೆ. ಪೆಟ್ಟಿಗೆ, ಕೊಳವೆ, ಬಿಲ್ಲೆ, ಬಳೆ ಮುಂತಾದ ಮೂಲಾಕಾರಗಳೆಲ್ಲ ಭಂಡಾರದಲ್ಲಿ ಸಿದ್ಧ ಇರುತ್ತವೆ. ಕಾಗುಣಿತದಲ್ಲಿ ಅಕ್ಷರಕ್ಕೆ ಚಿಹ್ನೆ ಹಚ್ಚಿದ ಹಾಗೆ, ಬರೆಯುವವರು ಅವನ್ನು ಹಿಗ್ಗಿಸಿ, ಕುಗ್ಗಿಸಿ, ತಿರುಗಿಸಿ ಬಳಸುತ್ತಾರೆ.

ಸಾಲಿನ ಮೊದಲ ಅಂಕಿಯೇ ಅದರ ಜಾತಿ ಹೇಳುತ್ತದೆ. 0 ಇದ್ದರೆ ಟಿಪ್ಪಣಿ, 2 ಗೆರೆ, 3 ತ್ರಿಕೋನ, 4 ಚತುರ್ಭುಜ. 5ನೆಯದು ಸ್ವಲ್ಪ ತುಂಟ. ಕೊಳವೆಯ ಮೈಗೆ ಅಂಚಿಲ್ಲ, ಆದರೆ ನೋಡುವವರಿಗೆ ಎಡಬಲದಲ್ಲಿ ಒಂದೊಂದು ಗೆರೆ ಕಾಣಿಸಬೇಕು, ಕೋನ ಬದಲಾದಂತೆ ಆ ಗೆರೆಯೂ ಸರಿಯಬೇಕು. ಅದಕ್ಕಾಗಿ ಪ್ರತಿ ಗೆರೆಗೂ ಎರಡು ಕಾವಲು ಬಿಂದುಗಳನ್ನು ಕೊಡುತ್ತಾರೆ. ಪರದೆಯ ಮೇಲೆ ಅವೆರಡೂ ಗೆರೆಯ ಒಂದೇ ಬದಿಗೆ ಬಂದರೆ ಮಾತ್ರ ಗೆರೆ ಬೀಳುತ್ತದೆ. ಕೈಪಿಡಿಯ ಚಿತ್ರಗಳಂತೆ ಕಾಣುವ ಆ ಚೊಕ್ಕ ಹೊರಗೆರೆಯ ಗುಟ್ಟು ಇಷ್ಟೇ. ನನ್ನ ಕೇಳಿದರೆ ಇಡೀ ವ್ಯವಸ್ಥೆಯ ಅತಿ ಸೊಗಸಾದ ಕಲ್ಪನೆ ಇದು, ಕೈಯಿಂದ ಬರೆಯಲು ಅತಿ ಬೇಸರದ್ದೂ ಇದೇ.

ಹಾಗಾಗಿ ಬರೆಯುವವರ ಸಲಕರಣೆಗಳ ಪೆಟ್ಟಿಗೆಯೂ ಬೆಳೆಯಿತು. ಮೊದಲು ಎಲ್‌ಡ್ರಾ ಸಾಲುಗಳನ್ನು ಅರಿತ ಪಠ್ಯ ಸಂಪಾದಕಗಳು ಬಂದವು. ಫಿಲೋ ಎಂದೇ ಪರಿಚಿತರಾದ ಫಿಲಿಪ್ ಹುರ್ಬೆನ್ ಚಿಕ್ಕ ಚಿಕ್ಕ ಉಪಕರಣಗಳ ಸಾಲನ್ನೇ ಬರೆದರು: ಒಂದು ಎರಡು ಮೈಗಳು ಒಂದನ್ನೊಂದು ಕತ್ತರಿಸುವ ಗೆರೆ ಹುಡುಕುತ್ತದೆ, ಇನ್ನೊಂದು ತ್ರಿಕೋನಗಳ ಜೋಡಿಯನ್ನು ಚತುರ್ಭುಜವಾಗಿಸುತ್ತದೆ. ನಿಲ್ಸ್ ಶ್ಮಿಟ್ ಅವರ ಎಲ್‌ಡಿಪಾರ್ಟ್‌ಎಡಿಟರ್ ಬಂದ ಮೇಲೆ ಮೂರು ಆಯಾಮದ ಕಿಟಕಿಯಲ್ಲಿ ಬಿಂದುವನ್ನು ಎಳೆದರೆ ಪಕ್ಕದ ಪಠ್ಯದ ಅಂಕಿ ತಾನೇ ಬದಲಾಗುತ್ತದೆ.

ನಿಯಮಗಳು ಮಾತ್ರ ಸಡಿಲವಾಗಲಿಲ್ಲ, ಬಿಗಿಯಾದವು. ಚತುರ್ಭುಜದ ನಾಲ್ಕೂ ಮೂಲೆ ಒಂದೇ ಸಮತಲದಲ್ಲಿರಬೇಕು. ಒಂದು ತ್ರಿಕೋನದ ಮೂಲೆ ಇನ್ನೊಂದರ ಅಂಚಿನ ನಡುವೆ ಬಂದು ಕೂರಬಾರದು, ಕೂತರೆ ಚಿತ್ರದಲ್ಲಿ ಚುಕ್ಕಿ ಚುಕ್ಕಿ ಬಿರುಕು. ಗ್ರಾಫಿಕ್ಸ್ ಕಾರ್ಡುಗಳ ಕಾಲ ಬಂದಾಗ ಹಳೆಯ ಭಂಡಾರಕ್ಕೆ ದೊಡ್ಡ ಕೆಲಸ ಎದುರಾಯಿತು. ವೇಗಕ್ಕಾಗಿ ಬೆನ್ನು ತೋರುವ ಮೈಗಳನ್ನು ಬಿಡಿಸದೆ ಬಿಡಬೇಕು ಅಂದರೆ ಯಾವುದು ಬೆನ್ನು, ಯಾವುದು ಮುಖ ಎಂಬುದು ಫೈಲಿನಲ್ಲಿ ಇರಬೇಕು. ಜೆಸಿಮನ್ ಕಾಲದಲ್ಲಿ ಅದು ಯಾರಿಗೂ ಬೇಕಿರಲಿಲ್ಲ, ಬೆನ್ನು-ಮುಖ ತಿಳಿಸುವ ಸುತ್ತು, ಅಂದರೆ ಮೂಲೆಗಳನ್ನು ಎಡಸುತ್ತಾಗಿ ಬರೆದರೋ ಬಲಸುತ್ತಾಗಿ ಬರೆದರೋ ಎಂಬುದು, ಹೇಗಿದ್ದರೂ ನಡೆಯುತ್ತಿತ್ತು. ಈಗ ಒಂದೊಂದೇ ಹಳೆಯ ಫೈಲನ್ನು ತೆರೆದು ಸುತ್ತು ಸರಿಪಡಿಸಬೇಕಾಯಿತು. ಆ ಒಳಪೆಟ್ಟಿಗೆಗೂ ‘ಮುಂದಿನದನ್ನು ತಿರುವಿ ಹಾಕು’ ಎಂಬ ಒಂದು ಸಾಲು ಸೇರಿತು.

ಹೊಸ ಭಾಗ ಸಲ್ಲಿಸಿದ ತಕ್ಷಣ ಭಂಡಾರ ಸೇರುವುದಿಲ್ಲ. ಮೊದಲು ಅದು ‘ಅನಧಿಕೃತ’. ಬೇರೆ ಬರಹಗಾರರು ತೆರೆದು ನೋಡಿ ಒಪ್ಪಿಗೆಯ ಮತ ಹಾಕಬೇಕು. ತಪ್ಪು ಕಂಡರೆ ತಡೆಹಿಡಿಯುತ್ತಾರೆ. ಅಧಿಕೃತ ಭಾಗಗಳೇ ಹತ್ತು ಸಾವಿರ ದಾಟಿರುವ ಭಂಡಾರದಲ್ಲಿ ಈ ಸಾಲು ಉದ್ದ. ವರ್ಷಗಟ್ಟಲೆ ಕಾದ ಭಾಗಗಳಿವೆ, ಅದರ ಬಗ್ಗೆ ಗೊಣಗಾಟವೂ ಹಳೆಯದು. ಗೊಣಗುವವರು ಹೇಳುವುದರಲ್ಲಿ ಹುರುಳಿದೆ, ಆದರೂ ಭಂಡಾರದ ಮೇಲೆ ಇಟ್ಟಿರುವ ನಂಬಿಕೆ ಹುಟ್ಟಿದ್ದು ಇದೇ ನಿಧಾನದಿಂದ. ಹಕ್ಕಿನ ಪ್ರಶ್ನೆಯನ್ನೂ ಹೀಗೇ ಬಿಡಿಸಿದರು. ಭಾಗ ಬರೆದವರೆಲ್ಲ ತಮ್ಮ ಫೈಲನ್ನು ಇತರರು ಹಂಚಿ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಪ್ಪಿಗೆ ಕೊಡಬೇಕಾಯಿತು. ಒಪ್ಪಿಗೆ ಸಿಗದ ಫೈಲುಗಳ ತಲೆಬರಹದಲ್ಲಿ ‘ಮರುಹಂಚುವಂತಿಲ್ಲ’ ಎಂಬ ಸಾಲೇ ಬಂತು.

ಇತ್ತ ಲೆಗೊ ಕಂಪನಿ ಲೆಗೊ ಡಿಜಿಟಲ್ ಡಿಸೈನರ್ ಎಂಬ ತನ್ನದೇ ಉಚಿತ ಸಾಫ್ಟ್‌ವೇರ್ ಕೊಟ್ಟಿತ್ತು. ಅದರಲ್ಲಿ ಇಟ್ಟಿಗೆಗಳು ತಾವಾಗಿ ಕಚ್ಚಿಕೊಳ್ಳುತ್ತಿದ್ದವು, ಮಕ್ಕಳಿಗೂ ಸುಲಭ. 2005ರಿಂದ, ಅದರಲ್ಲಿ ಕಟ್ಟಿದ ಮಾದರಿಯ ಇಟ್ಟಿಗೆಗಳನ್ನು ಪೆಟ್ಟಿಗೆಯಲ್ಲಿ ತರಿಸಿಕೊಳ್ಳುವ ಸೇವೆಯೂ ಇತ್ತು. 2012ರ ಆರಂಭದಲ್ಲಿ ಆ ಸೇವೆ ನಿಂತಿತು. ಸಾಫ್ಟ್‌ವೇರಿನಲ್ಲಿ ಕೊರತೆ ಇದ್ದದ್ದು ಒಂದೇ: ಪಟ್ಟಿಯಲ್ಲಿಲ್ಲದ ಭಾಗವನ್ನು ಬಳಕೆದಾರ ತಾನೇ ಸೇರಿಸುವಂತಿರಲಿಲ್ಲ. ಕಂಪನಿ ಕೊಟ್ಟಾಗ ಬಂತು, ಇಲ್ಲದಿದ್ದರೆ ಇಲ್ಲ. 2016ರಲ್ಲಿ ಕಂಪನಿ ಆ ಸಾಫ್ಟ್‌ವೇರಿಗೆ ಹಣ ಹಾಕುವುದನ್ನು ನಿಲ್ಲಿಸಿತು. 2019ರಲ್ಲಿ ಬ್ರಿಕ್‌ಲಿಂಕ್ ಎಂಬ ಬಿಡಿಭಾಗಗಳ ಮಾರುಕಟ್ಟೆಯನ್ನು ಖರೀದಿಸಿತು, ಜತೆಗೆ ಮಾದರಿ ಕಟ್ಟುವ ಅವರ ಸ್ಟುಡಿಯೊ ಸಾಫ್ಟ್‌ವೇರೂ ಬಂತು. 2022ರಲ್ಲಿ ಡಿಜಿಟಲ್ ಡಿಸೈನರ್ ನಿವೃತ್ತವಾಗಿ ಆ ಜಾಗಕ್ಕೆ ಸ್ಟುಡಿಯೊ ಬಂದು ಕೂತಿತು. ಸ್ಟುಡಿಯೊದ ಭಾಗಗಳ ಬುನಾದಿ ಯಾವುದು? ಎಲ್‌ಡ್ರಾ ಭಂಡಾರ. ಹವ್ಯಾಸಿಗಳು ಕ್ಯಾಲಿಪರ್ ಹಿಡಿದು ಅಳೆದದ್ದು ಸುತ್ತಿ ಬಳಸಿ ಇಟ್ಟಿಗೆ ಮಾಡುವವರ ಮನೆಗೇ ಹೋಯಿತು. ಸ್ಟುಡಿಯೊ ಜತೆ ಪಾರ್ಟ್ ಡಿಸೈನರ್ ಎಂಬ ಉಪಕರಣವೂ ಇದೆ. ಹೊಸ ಆಕಾರ ತರುವುದು, ಮೈಮೇಲೆ ಚಿತ್ತಾರ ಅಂಟಿಸುವುದು, ಎಲ್ಲಿ ಯಾವುದು ಕಚ್ಚಿಕೊಳ್ಳಬೇಕು ಎಂದು ಗುರುತಿಸುವುದು ಅದರಲ್ಲಿ ಸಾಧ್ಯ.

ಆ ಕೊನೆಯ ಸಂಗತಿ ಎಲ್‌ಡ್ರಾದ ಹಳೆಯ ಕೊರತೆ. 1995ರ ಫೈಲಿಗೆ ಗೊತ್ತಿರುವುದು ಆಕಾರ ಮಾತ್ರ, ತೂತು ಯಾವುದು, ಅದರೊಳಗೆ ಏನು ಹೋಗುತ್ತದೆ ಎಂಬುದು ಗೊತ್ತಿಲ್ಲ. ರೋಲಂಡ್ ಮೆಲ್ಕರ್ಟ್ ತಮ್ಮ ಜೋಡಣೆಯ ಪ್ರೋಗ್ರಾಂ ಎಲ್‌ಡಿಕ್ಯಾಡ್‌ಗಾಗಿ ಆ ಮಾಹಿತಿಯನ್ನು ಮೂಲ ಭಂಡಾರ ಮುಟ್ಟದೆ ಪಕ್ಕದಲ್ಲೊಂದು ನೆರಳು ಭಂಡಾರವಾಗಿ ಕಟ್ಟಿದರು. 3ಡಿ ಪ್ರಿಂಟ್ ಮಾಡಹೊರಟವರಿಗೂ ಇಂಥದ್ದೇ ತೊಡಕು. ಸ್ಟಡ್ ಎಂಬುದು ಇಟ್ಟಿಗೆಯ ಮುಚ್ಚಳದ ಮೇಲೆ ಇಟ್ಟ ಪ್ರತ್ಯೇಕ ಚಿಪ್ಪು. ಅದಕ್ಕೆ ತಳವಿಲ್ಲ, ಅದರ ಕೆಳಗೆ ಇಟ್ಟಿಗೆಯ ಮುಚ್ಚಳ ಹಾಗೇ ಮುಂದುವರಿದಿರುತ್ತದೆ. ನೋಡಲು ಒಂದೇ ಮೈ, ಪ್ರಿಂಟರಿನ ಲೆಕ್ಕಕ್ಕೆ ಎರಡು. ಪ್ರಿಂಟ್‌ಗೆ ಕಳಿಸುವ ಮುನ್ನ ಅವನ್ನು ಒಂದಾಗಿ ಬೆಸೆಯಬೇಕು.

ಸದ್ಯ ಜಗ್ಗಾಟ ನಡೆಯುತ್ತಿರುವುದು ದುಂಡಗಿನ ವಿಷಯದಲ್ಲಿ. ಭಂಡಾರದ ಸಾಮಾನ್ಯ ವೃತ್ತಕ್ಕೆ 16 ಬದಿ, ದೊಡ್ಡ ಭಾಗಗಳಿಗಾಗಿ 48 ಬದಿಯದ್ದೂ ಇದೆ. ಇಂದಿನ ಕ್ಯಾಡ್ (ಕಂಪ್ಯೂಟರ್ ವಿನ್ಯಾಸ) ಸಾಫ್ಟ್‌ವೇರಿನಿಂದ ಹೊರಬರುವ ಮಾದರಿಯಲ್ಲಿ ಒಂದು ಚಿಕ್ಕ ತುಂಡಿಗೇ ಸಾವಿರಾರು ತ್ರಿಕೋನಗಳಿರುತ್ತವೆ. ಅದನ್ನು ಹಾಗೇ ಪರಿವರ್ತಿಸಿ ಸಲ್ಲಿಸಿದವರಿಗೆ ಪರಿಶೀಲಕರು ಹೇಳುವುದು ಒಂದೇ ಮಾತು: ಮೂಲಾಕಾರಗಳನ್ನು ಬಳಸಿ ಮತ್ತೆ ಬರೆಯಿರಿ.