1901ರಲ್ಲಿ ಆಸ್ಟ್ರೇಲಿಯಾ ಒಂದಾಯಿತು, ಸ್ವತಂತ್ರವಾಗಲಿಲ್ಲ

ಪ್ರಶ್ನೆ: ಆಸ್ಟ್ರೇಲಿಯಾದ ಆರು ವಸಾಹತುಗಳು ಸೇರಿ ಒಂದು ದೇಶವಾದದ್ದು ಹೇಗೆ? ಬ್ರಿಟಿಷರಿಂದ ಸ್ವಾತಂತ್ರ್ಯ ಪಡೆಯಲೆಂದೇ ಒಗ್ಗೂಡಿದರೇ?

ಪ್ರಶ್ನೆಯ ಮೊದಲರ್ಧ ಒಳ್ಳೆಯದು. ಎರಡನೆಯದಕ್ಕೆ ಎಷ್ಟು ಸಲ ‘ಅಲ್ಲ’ ಎಂದರೂ ಅದು ವೇಷ ಬದಲಿಸಿ ಮತ್ತೆ ಬರುತ್ತದೆ. ಆದ್ದರಿಂದ ಈ ಸಲ ಅದನ್ನೇ ಮೊದಲು ಇತ್ಯರ್ಥ ಮಾಡೋಣ.

1901ರ ಜನವರಿ 1ರಂದು ಸಿಡ್ನಿಯ ಸೆಂಟೆನಿಯಲ್ ಪಾರ್ಕಿನಲ್ಲಿ ಉದ್ಘಾಟನೆಯಾದದ್ದು ಒಕ್ಕೂಟ. ಅಂದು ಯಾವ ಧ್ವಜವನ್ನೂ ಇಳಿಸಲಿಲ್ಲ, ಯಾವ ಆಳುವವರೂ ಹಡಗು ಹತ್ತಿ ಹೊರಡಲಿಲ್ಲ. ಆ ದೇಶದ ಸಂವಿಧಾನವನ್ನೇ ತೆರೆದು ನೋಡಿ. ಅದಿರುವುದು ಬ್ರಿಟಿಷ್ ಸಂಸತ್ತಿನ ಒಂದು ಕಾಯ್ದೆಯ ಹೊಟ್ಟೆಯೊಳಗೆ: ಮೊದಲ ಎಂಟು ಕಲಮುಗಳು ಪೀಠಿಕೆಯಂಥವು, ಒಂಬತ್ತನೆಯ ಕಲಮೇ ಇಡೀ ಸಂವಿಧಾನ, ಅದರಲ್ಲಿ 128 ವಿಧಿಗಳು. ಅದಕ್ಕೆ ವಿಕ್ಟೋರಿಯಾ ರಾಣಿಯ ಅಂಕಿತ ಬಿದ್ದದ್ದು 1900ರ ಜುಲೈ 9ರಂದು.

ಇದು ಬರೀ ಕಾಗದದ ಮಾತು ಎನ್ನುವವರು 1914ನ್ನು ನೋಡಬೇಕು. ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿದ ಕ್ಷಣವೇ ಆಸ್ಟ್ರೇಲಿಯಾವೂ ಯುದ್ಧದಲ್ಲಿತ್ತು. ಬೇರೆ ಘೋಷಣೆಯ ಪ್ರಶ್ನೆಯೇ ಏಳಲಿಲ್ಲ. 1939ರಲ್ಲಿ ಪ್ರಧಾನಿ ಮೆನ್ಝೀಸ್ ರೇಡಿಯೋದಲ್ಲಿ ಹೇಳಿದ್ದೂ ಇದನ್ನೇ: ಬ್ರಿಟನ್ ಯುದ್ಧ ಸಾರಿದೆ, ಹಾಗಾಗಿ ನಾವೂ ಯುದ್ಧದಲ್ಲಿದ್ದೇವೆ. ಆಸ್ಟ್ರೇಲಿಯಾ ತಾನೇ ಪ್ರತ್ಯೇಕವಾಗಿ ಜಪಾನಿನ ಮೇಲೆ ಯುದ್ಧ ಸಾರಿದ್ದು 1941ರ ಡಿಸೆಂಬರಿನಲ್ಲಿ. ಬ್ರಿಟಿಷ್ ಕಾನೂನಿಗೆ ವಿರುದ್ಧವಾಗಿಯೂ ಕಾನೂನು ಮಾಡುವ ಅಧಿಕಾರವನ್ನು 1931ರ ವೆಸ್ಟ್‌ಮಿನ್‌ಸ್ಟರ್ ಶಾಸನ ಕೊಟ್ಟಿತ್ತು. ಆಸ್ಟ್ರೇಲಿಯಾ ಅದನ್ನು ಅಂಗೀಕರಿಸಿದ್ದು 1942ರಲ್ಲಿ, ಅದೂ 1939ರ ಸೆಪ್ಟೆಂಬರ್ 3ರಿಂದ ಅನ್ವಯವಾಗುವಂತೆ. ಕೊಟ್ಟದ್ದನ್ನು ಕೈಚಾಚಿ ತೆಗೆದುಕೊಳ್ಳಲು ಹನ್ನೊಂದು ವರ್ಷ! ರಾಜ್ಯಗಳ ಕೋರ್ಟುಗಳಿಂದ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಮೇಲ್ಮನವಿ ಹೋಗುವ ದಾರಿ ಮುಚ್ಚಿದ್ದಂತೂ 1986ರಲ್ಲಿ. ಹಾಗಾದರೆ ಸ್ವಾತಂತ್ರ್ಯದ ದಿನ ಯಾವುದು? ಅಂಥದ್ದೊಂದು ದಿನವೇ ಇಲ್ಲ. ಜನವರಿ 26ರ ರಾಷ್ಟ್ರೀಯ ದಿನವೂ ಅದಲ್ಲ. ಅದು 1788ರಲ್ಲಿ ಸಿಡ್ನಿ ಕೋವ್‌ನಲ್ಲಿ ಬ್ರಿಟಿಷ್ ನೆಲೆ ಶುರುವಾದ ದಿನ.

ಈ ತಪ್ಪು ಏಕೆ ಅಂಟಿಕೊಂಡಿದೆ ಎಂದರೆ, ಒಂದಾಗುವುದೆಂದರೆ ಮೇಲಿನವನಿಂದ ಅಧಿಕಾರ ಕಿತ್ತುಕೊಳ್ಳುವುದು ಎಂದು ನಾವು ಎಣಿಸಿರುತ್ತೇವೆ. ಇಲ್ಲಿ ಕಥೆ ತಿರುಗುಮುರುಗು. ಐದು ವಸಾಹತುಗಳಿಗೆ 1850ರ ದಶಕದಲ್ಲೇ ಸ್ವಯಮಾಡಳಿತ ಸಿಕ್ಕಿತ್ತು, ವೆಸ್ಟರ್ನ್ ಆಸ್ಟ್ರೇಲಿಯಾಕ್ಕೆ 1890ರಲ್ಲಿ. ಪ್ರತಿಯೊಂದಕ್ಕೂ ತನ್ನದೇ ಸಂಸತ್ತು, ತನ್ನದೇ ಸುಂಕ, ತನ್ನದೇ ರೈಲು. ಕೈಯಲ್ಲಿದ್ದ ಈ ಅಧಿಕಾರದಲ್ಲಿ ಒಂದಷ್ಟನ್ನು ಹೊಸ ಕೇಂದ್ರಕ್ಕೆ ಬಿಟ್ಟುಕೊಡಬೇಕಿತ್ತು. ಕಷ್ಟವಿದ್ದದ್ದು ಅಲ್ಲಿ.

ಬಿಟ್ಟುಕೊಡುವ ಮನಸ್ಸು ಏಕೆ ಬಂತು? ವಿಕ್ಟೋರಿಯಾ ಮತ್ತು ನ್ಯೂ ಸೌತ್ ವೇಲ್ಸ್ ವಸಾಹತುಗಳ ಗಡಿಯಲ್ಲಿದ್ದ ಅಂದಿನ ಆಲ್ಬರಿ ರೈಲು ನಿಲ್ದಾಣದಲ್ಲಿ ನಿಂತಂತೆ ಊಹಿಸಿಕೊಳ್ಳಿ, ಅರ್ಧ ಉತ್ತರ ಸಿಗುತ್ತದೆ. ಮೆಲ್ಬರ್ನಿನಿಂದ ಬರುವ ಹಳಿಯ ಅಗಲ 5 ಅಡಿ 3 ಅಂಗುಲ, ಸಿಡ್ನಿಗೆ ಹೋಗುವ ಹಳಿಯದು 4 ಅಡಿ 8½ ಅಂಗುಲ. ಪ್ರಯಾಣಿಕರು ಗಂಟುಮೂಟೆ ಸಮೇತ ಇಳಿದು ಎದುರಿನ ರೈಲು ಹತ್ತಬೇಕು. ಸರಕನ್ನೆಲ್ಲ ಇಳಿಸಿ ಮತ್ತೆ ತುಂಬಬೇಕು. ಸಾಲದ್ದಕ್ಕೆ ಗಡಿಯಲ್ಲಿ ಸುಂಕದವರು ಪೆಟ್ಟಿಗೆ ಬಿಚ್ಚಿಸುತ್ತಾರೆ. ವಿಕ್ಟೋರಿಯಾದ್ದು ಸ್ಥಳೀಯ ಕೈಗಾರಿಕೆಗೆ ರಕ್ಷಣೆ ಕೊಡುವ ಭಾರಿ ಸುಂಕ, ನ್ಯೂ ಸೌತ್ ವೇಲ್ಸಿನದು ಮುಕ್ತ ವ್ಯಾಪಾರ. (ಹಳಿಯ ಎಡವಟ್ಟಿಗೆ ಮೂಲ ಇಬ್ಬರು ಎಂಜಿನಿಯರುಗಳು. ನ್ಯೂ ಸೌತ್ ವೇಲ್ಸ್ ಮೊದಲು ಅಗಲ ಹಳಿಯನ್ನೇ ಒಪ್ಪಿತ್ತು. ಎಂಜಿನಿಯರ್ ಬದಲಾದ, ಅಳತೆಯೂ ಬದಲಾಯಿತು. ಅಷ್ಟರಲ್ಲಿ ವಿಕ್ಟೋರಿಯಾ ಹಳೆಯ ಅಳತೆಗೆ ಸಾಮಾನು ತರಿಸಲು ಹೇಳಿಯಾಗಿತ್ತು.)

ಇನ್ನರ್ಧ ಭಯ. 1883ರಲ್ಲಿ ಕ್ವೀನ್ಸ್‌ಲ್ಯಾಂಡ್ ವಸಾಹತು ತಾನಾಗಿಯೇ ಉತ್ತರಕ್ಕಿರುವ ನ್ಯೂಗಿನಿ ದ್ವೀಪದ ಪೂರ್ವ ಭಾಗವನ್ನು ಸೇರಿಸಿಕೊಂಡಿತು. ಲಂಡನ್ ಅದನ್ನು ತಳ್ಳಿಹಾಕಿತು. ಮರುವರ್ಷವೇ ಈಶಾನ್ಯ ಭಾಗ ಜರ್ಮನಿಯ ಪಾಲಾಯಿತು. ಆರು ದನಿಗಳಿಗಿಂತ ಒಂದು ದನಿ ದೂರ ಕೇಳುತ್ತದೆ ಎನ್ನುವುದು ಆಗ ಅರ್ಥವಾಯಿತು. ಏಷ್ಯನ್ನರನ್ನು ಹೊರಗಿಡುವ ಆಸೆಯೂ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ: ಹೊಸ ಸಂಸತ್ತು ಮೊದಲ ವರ್ಷವೇ ಮಾಡಿದ ಕಾನೂನುಗಳಲ್ಲಿ ವಲಸೆ ನಿರ್ಬಂಧ ಕಾಯ್ದೆಯೂ ಒಂದು.

ಇನ್ನು ಹೇಗೆ ಎಂಬುದು. 1891ರಲ್ಲಿ ನಾಯಕರು ಕೂತು ಕರಡು ಬರೆದರು. ಅದನ್ನು ಮುಂದಕ್ಕೊಯ್ಯುವ ಹೊಣೆ ಯಾರ ಮೇಲೂ ಇರಲಿಲ್ಲ, ವಸಾಹತುಗಳ ಸಂಸತ್ತುಗಳಲ್ಲಿ ಅದು ಧೂಳು ತಿಂದಿತು. 1893ರಲ್ಲಿ ಕೊರೋವಾ ಎಂಬ ಗಡಿ ಊರಿನ ಸಭೆಯಲ್ಲಿ ಜಾನ್ ಕ್ವಿಕ್ ಎಂಬ ವಕೀಲ ಉಪಾಯ ಹೇಳಿದ. ಪ್ರತಿನಿಧಿಗಳನ್ನು ಜನ ಆರಿಸಬೇಕು, ಅವರು ಕರಡು ಬರೆಯಬೇಕು, ಅದನ್ನು ಜನರ ಮತಕ್ಕೆ ಹಾಕಬೇಕು. ಇಷ್ಟನ್ನೂ ಮೊದಲೇ ಕಾನೂನು ಮಾಡಿ ಕಟ್ಟಿಹಾಕಬೇಕು. ಕೊನೆಯ ಮಾತೇ ಇಡೀ ಉಪಾಯದ ಜೀವ.

1897–98ರಲ್ಲಿ ಕರಡು ಸಿದ್ಧವಾಯಿತು. ಸಣ್ಣ ವಸಾಹತುಗಳಿಗೆ ದೊಡ್ಡವುಗಳ ಭಯವಿತ್ತು, ಹಾಗಾಗಿ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಎಲ್ಲಕ್ಕೂ ಸಮಾನ ಸ್ಥಾನ, ತಲಾ ಆರು. ಸುಂಕ ಕೇಂದ್ರಕ್ಕೆ ಹೋದರೆ ಖಜಾನೆ ಬರಿದು ಎಂಬ ಚಿಂತೆಗೆ 87ನೆಯ ವಿಧಿ: ನಿವ್ವಳ ಸುಂಕದಲ್ಲಿ ಕೇಂದ್ರ ಖರ್ಚು ಮಾಡಬಹುದಾದದ್ದು ಕಾಲುಭಾಗ ಮಾತ್ರ.

1898ರ ಮತದಾನದಲ್ಲಿ ನ್ಯೂ ಸೌತ್ ವೇಲ್ಸಿನಲ್ಲಿ ‘ಬೇಕು’ ಎಂದವರು 71,595, ‘ಬೇಡ’ ಎಂದವರು 66,228. ಗೆದ್ದಂತೆ ಕಾಣುತ್ತದೆ, ಅಲ್ಲವೇ? ಸೋಲು. ಕನಿಷ್ಠ 80,000 ‘ಬೇಕು’ ಬೀಳಬೇಕೆಂದು ಅಲ್ಲಿನ ಕಾನೂನು ಹೇಳಿತ್ತು. ಮತ್ತೆ ಚೌಕಾಸಿ: 87ನೆಯ ವಿಧಿಯ ಖಾತರಿ ಹತ್ತು ವರ್ಷಕ್ಕೆ ಇಳಿಯಿತು, ರಾಜಧಾನಿ ನ್ಯೂ ಸೌತ್ ವೇಲ್ಸಿನಲ್ಲೇ, ಆದರೆ ಸಿಡ್ನಿಯಿಂದ 100 ಮೈಲಿಗಿಂತ ಹತ್ತಿರ ಬೇಡ, ಅಲ್ಲಿಯವರೆಗೆ ಸಂಸತ್ತು ಮೆಲ್ಬರ್ನಿನಲ್ಲಿ. ಕ್ಯಾನ್‌ಬೆರಾ ಹುಟ್ಟಿದ್ದು ಈ ಚೌಕಾಸಿಯಿಂದ. 1899ರಲ್ಲಿ ಮತ ಗೆದ್ದಿತು. ಅಂದಹಾಗೆ ಆಲ್ಬರಿಯಲ್ಲಿ ರೈಲು ಬದಲಿಸುವ ಪಾಡು ಒಕ್ಕೂಟವಾದರೂ ತಪ್ಪಲಿಲ್ಲ. ಸಿಡ್ನಿ–ಮೆಲ್ಬರ್ನ್ ನಡುವೆ ಒಂದೇ ಅಳತೆಯ ಹಳಿ ಕೂಡಿದ್ದು 1962ರಲ್ಲಿ.

ಯಾರೂ ಕೇಳದಿದ್ದರೂ ಇದೊಂದನ್ನು ಹೇಳಿಬಿಡುತ್ತೇನೆ: ಸೇರಿದವರು ಬಿಟ್ಟುಹೋಗಬಹುದೇ? ಕಾಯ್ದೆಯ ಪೀಠಿಕೆಯಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾದ ಹೆಸರೇ ಇಲ್ಲ. ಅಲ್ಲಿ ಮತದಾನ ನಡೆದದ್ದು ರಾಣಿಯ ಅಂಕಿತ ಬಿದ್ದ ಮೇಲೆ, 1900ರ ಜುಲೈ 31ರಂದು. ಕೊನೆಗೆ ಬಂದ ಅದೇ ರಾಜ್ಯ 1933ರ ಏಪ್ರಿಲ್ 8ರಂದು ಹೊರಹೋಗಲು ಸುಮಾರು ಮೂರರಲ್ಲಿ ಎರಡು ಪಾಲು ಮತ ಹಾಕಿತು. ವಿಚಿತ್ರವೆಂದರೆ ಅದೇ ದಿನದ ಚುನಾವಣೆಯಲ್ಲಿ, ಹೊರಹೋಗೋಣ ಎಂದಿದ್ದ ಸರ್ಕಾರವನ್ನೇ ಮನೆಗೆ ಕಳಿಸಿತು. ಮನವಿ ಬ್ರಿಟಿಷ್ ಸಂಸತ್ತಿಗೆ ಹೋಯಿತು. ಒಕ್ಕೂಟದ ಕಾಯ್ದೆ ತನ್ನದೇ ಆದರೂ, ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ ಕೇಳದೆ ಅದರಲ್ಲಿ ಕೈಯಾಡಿಸುವುದಿಲ್ಲ ಎಂಬ ಕಾರಣಕ್ಕೆ 1935ರಲ್ಲಿ ಲಂಡನ್ ಆ ಮನವಿಯನ್ನು ಸ್ವೀಕರಿಸಲೇ ಇಲ್ಲ.